ಮುಕ್ಕಾಲು ಗಂಟೆಯ ವಿಡಿಯೊ ಬಿಟ್ಟು ನಾಲ್ಕು ನಿಮಿಷದ ದನಿಗೆ ಬಂದದ್ದು: ನನ್ನ ಅನುಭವ

ಮೌಲ್ಯಮಾಪನ ಕೇಂದ್ರಗಳಲ್ಲಿ ಚಹಾ ವಿರಾಮದ ಹೊತ್ತಿಗೆ ಭೌತಶಾಸ್ತ್ರದ ಉಪನ್ಯಾಸಕ ಮಿತ್ರರು ಹಲವು ವರ್ಷ ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ ಆಗಿತ್ತು: "ಸರ್ಕಾರಿ ಕಾಲೇಜಿನ ಮಕ್ಕಳು ಮನೆಯಲ್ಲಿ ಫೋನ್ ಹಿಡಿದು ಫಿಸಿಕ್ಸ್ ಮಾಡ್ತಾರೆ ಅಂತ ನಂಬ್ತೀರಾ ಸರ್?" ಈಚೆಗೆ ಅವರೇ "ಏನು ಕಳಿಸ್ತೀರಿ, ನಮಗೂ ಒಂದೆರಡು ಕೊಡಿ" ಎನ್ನತೊಡಗಿದ್ದಾರೆ. ಸಂಜೆಯ ಹೊತ್ತು ಮಕ್ಕಳ ಫೋನಿಗೆ ನಾನು ಕಳಿಸುವ ನಾಲ್ಕು ನಿಮಿಷದ ಧ್ವನಿ ಪ್ರಶ್ನೆಗಳ ವಿಷಯವನ್ನು ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದಿಡುವುದು ಮೇಲೆಂದು ಇದನ್ನು ಬರೆಯುತ್ತಿದ್ದೇನೆ. ಗೂಗಲ್ ಮೀಟ್, ಫಾರ್ಮ್ಸ್, ವಾಟ್ಸ್‌ಆ್ಯಪ್ ಗುಂಪು ಇವೆಲ್ಲ ಎಲ್ಲರಿಗೂ ಗೊತ್ತಿರುವುದರಿಂದ ಅವುಗಳ ವಿವರಣೆಗೆ ಹೋಗುವುದಿಲ್ಲ.

2020ರ ಲಾಕ್‌ಡೌನಿನ ನಂತರ ಎಲ್ಲರಂತೆ ನಾನೂ ಮೀಟ್‌ನಲ್ಲಿಯೇ ಪಾಠ ಆರಂಭಿಸಿದೆ. ನಮ್ಮದು ಮಲೆನಾಡಿನ ಒಂದು ಸರ್ಕಾರಿ ಪದವಿಪೂರ್ವ ಕಾಲೇಜು. ವಿಜ್ಞಾನ ವಿಭಾಗದಲ್ಲಿ ಆಗ ಸುಮಾರು ತೊಂಬತ್ತು ಮಕ್ಕಳಿದ್ದರು. ತರಗತಿಗೆ ಬರುತ್ತಿದ್ದವರು ಇಪ್ಪತ್ತು ಇಪ್ಪತ್ತೈದು ಮಂದಿ, ಹೆಸರು ಹಿಡಿದು ಕರೆದರೆ ಉತ್ತರಿಸುತ್ತಿದ್ದವರು ಐದಾರು ಮಂದಿ. ಉಳಿದವರ ಹೆಸರು ಮಾತ್ರ ಪರದೆಯ ಮೇಲಿರುತ್ತಿತ್ತು. ಫೋನನ್ನು ಸಿಗ್ನಲ್ ಸಿಗುವ ಕಿಟಕಿಯಲ್ಲಿ ಇಟ್ಟು ಹುಡುಗ ಅಡಿಕೆ ಸುಲಿಯುವಲ್ಲಿಗೆ ಹೋಗಿರುತ್ತಿದ್ದ. ಅವನನ್ನು ದೂರುವಂತಿರಲಿಲ್ಲ, ಏಕೆಂದರೆ ಮುಕ್ಕಾಲು ಗಂಟೆ ನಾನೊಬ್ಬನೇ ಮಾತನಾಡುವ ಕಡೆ ಅವನು ಇದ್ದರೂ ಇಲ್ಲದಿದ್ದರೂ ಪಾಠದಲ್ಲಿ ಯಾವ ವ್ಯತ್ಯಾಸವೂ ಆಗುತ್ತಿರಲಿಲ್ಲ.

ನೇರ ತರಗತಿ ಬೇಡ, ಮಕ್ಕಳು ಬಿಡುವಾದಾಗ ನೋಡಿಕೊಳ್ಳಲಿ ಎಂದು ಮುಂದೆ ವಿಡಿಯೊ ಮಾಡತೊಡಗಿದೆ. ಪೆನ್ ಟ್ಯಾಬ್ಲೆಟ್‌ಗೆ ಮೂರೂವರೆ ಸಾವಿರ, ಕಾಲರ್ ಮೈಕ್‌ಗೆ ಒಂಬೈನೂರು, ರಿಂಗ್ ಲೈಟ್‌ಗೆ ಸಾವಿರದ ಇನ್ನೂರು, ಅದರ ಮೇಲೆ ಮನೆಗೆ ಬ್ರಾಡ್‌ಬ್ಯಾಂಡ್. ಒಟ್ಟು ಹನ್ನೆರಡು ಸಾವಿರದ ಹತ್ತಿರ ಕೈಬಿಟ್ಟಿತು. ರಿಂಗ್ ಲೈಟ್ ಈಗ ಮಗಳ ನೃತ್ಯದ ಫೋಟೊಗಳಿಗೆ ಉಪಯೋಗವಾಗುತ್ತಿದೆ, ಭೌತಶಾಸ್ತ್ರಕ್ಕೆ ಆಗಲಿಲ್ಲ. ಸ್ಥಿರವಿದ್ಯುತ್ತಿನಿಂದ ಹಿಡಿದು ಅರೆವಾಹಕಗಳವರೆಗೆ ಅರವತ್ತರಷ್ಟು ವಿಡಿಯೊಗಳನ್ನು ಯೂಟ್ಯೂಬಿಗೆ ಏರಿಸಿದ ಮೇಲೆ ಅದರ ಲೆಕ್ಕದ ಪುಟವನ್ನು ತೆರೆದು ನೋಡಿದರೆ, ಒಬ್ಬ ವೀಕ್ಷಕ ಸರಾಸರಿ ನೋಡಿದ ಅವಧಿ ನಾಲ್ಕು ನಿಮಿಷದ ಆಸುಪಾಸಿನಲ್ಲಿತ್ತು. ಪರೀಕ್ಷೆಯ ಹಿಂದಿನ ವಾರ ಮಾತ್ರ ಸ್ವಲ್ಪ ಏರಿತ್ತು. ಒಂದೇ ಫೋನಿನ ದಿನದ ಒಂದೂವರೆ ಜಿಬಿಯನ್ನು ಅಕ್ಕ, ತಮ್ಮ, ಅಪ್ಪ ಮೂವರೂ ಹಂಚಿಕೊಳ್ಳುವ ಮನೆಯಲ್ಲಿ ನನ್ನ ಇನ್ನೂರು ಎಂಬಿಯ ಪಾಠಕ್ಕೆ ಜಾಗವೇ ಇರಲಿಲ್ಲ.

ನಡುವೆ ಗೂಗಲ್ ಫಾರ್ಮ್ಸ್‌ನಲ್ಲಿ ಕಿರುಪರೀಕ್ಷೆಯನ್ನೂ ನಡೆಸಿದ್ದುಂಟು. ಎಲ್ಲರಿಗೂ ಹತ್ತಕ್ಕೆ ಹತ್ತು, ಅದೂ ಎರಡು ಮೂರು ನಿಮಿಷಗಳ ಅಂತರದಲ್ಲಿ. ವಾರದ ತಾರೆಯೆಂದು ಒಬ್ಬೊಬ್ಬರಿಗೆ ಬಣ್ಣದ ಪ್ರಮಾಣಪತ್ರ ಕಳಿಸುವ ಪ್ರಯೋಗ ಎರಡನೆಯ ತಿಂಗಳಿಗೇ ಸತ್ತಿತು. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಗಿ, ಅಂಕಗಳನ್ನು ಎಸ್‌ಎಸ್‌ಎಲ್‌ಸಿ ಮತ್ತು ಪ್ರಥಮ ಪಿಯು ಫಲಿತಾಂಶಗಳಿಂದ ಲೆಕ್ಕ ಹಾಕಿದ ಮೇಲಂತೂ ಅಂಕದ ಆಸೆ ತೋರಿಸಿ ಮಕ್ಕಳನ್ನು ಕೂರಿಸುವ ದಾರಿಯೂ ಮುಚ್ಚಿತು.

ಈಗ ನಡೆಯುತ್ತಿರುವ ಕ್ರಮ ಆ ನಾಲ್ಕು ನಿಮಿಷದಿಂದಲೇ ಹುಟ್ಟಿದ್ದು. ಮಕ್ಕಳು ಕೊಡುವುದು ನಾಲ್ಕೇ ನಿಮಿಷವೆಂದಾದರೆ ನನ್ನ ಪಾಲೂ ಅಷ್ಟೇ ಇರಲಿ ಎಂದು, ವಾರದಲ್ಲಿ ಮೂರು ಸಂಜೆ ಒಂದೊಂದು ಧ್ವನಿ ಸಂದೇಶ ಕಳಿಸುತ್ತೇನೆ. ನಾಲ್ಕು ನಿಮಿಷದ ಧ್ವನಿ ಅರ್ಧ ಎಂಬಿಯಷ್ಟಾಗುತ್ತದೆ. ಒಂದೇ ಗೀಟಿನ ಸಿಗ್ನಲ್ ಇರುವ ಊರಿಗೂ ಹೋಗಿ ಮುಟ್ಟುತ್ತದೆ. ಕಳಿಸುವುದು ಏಳೂವರೆಯ ನಂತರ, ಏಕೆಂದರೆ ಬಹುಪಾಲು ಮನೆಗಳಲ್ಲಿ ಫೋನು ಅಪ್ಪನದು, ಅಪ್ಪ ಮನೆಗೆ ಬರುವುದು ಆಗ. ಸಂಜೆ ಐದಕ್ಕೆ ಕಳಿಸುತ್ತಿದ್ದಾಗ ಉತ್ತರಗಳು ಮೂರನೆಯ ಒಂದರಷ್ಟೂ ಬರುತ್ತಿರಲಿಲ್ಲ. ಆ ಸಂದೇಶದಲ್ಲಿ ಪಾಠದ ಸಾರಾಂಶ ಇರುವುದಿಲ್ಲ; ಒಂದು ಸನ್ನಿವೇಶ, ಒಂದು ಪ್ರಶ್ನೆ, ಮೂರು ಆಯ್ಕೆಗಳು, ಇಷ್ಟೇ. ವಿದ್ಯಾರ್ಥಿ ಒಂದು ಆಯ್ಕೆಯನ್ನು ಹೇಳಿ, ಅದಕ್ಕೆ ಕಾರಣವನ್ನು ತನ್ನ ಮಾತಿನಲ್ಲಿ, ಅರ್ಧ ನಿಮಿಷದೊಳಗೆ, ಗುಂಪಿಗಲ್ಲದೆ ನನಗೊಬ್ಬನಿಗೇ ಒಂಬತ್ತರೊಳಗೆ ಕಳಿಸಬೇಕು. ಗುಂಪಿನಲ್ಲಿ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯುವಂತಿಲ್ಲ. ಉತ್ತರ ತಪ್ಪಾದರೆ ಅಂಕ ಕಳೆಯುವುದಿಲ್ಲ, ಸರಿಯಾದರೆ ಅಂಕ ಕೊಡುವುದೂ ಇಲ್ಲ. ಪಕ್ಕದವನ 'ಬಿ' ಎಂಬ ಅಕ್ಷರವನ್ನು ನಕಲು ಮಾಡುವುದು ಸುಲಭ, ಅವನ ಕಾರಣವನ್ನು ತನ್ನ ಬಾಯಲ್ಲಿ ಹೇಳುವುದು ಅಷ್ಟು ಸುಲಭವಲ್ಲ. ಹೇಳಿದನೆಂದರೆ ಅಷ್ಟರಮಟ್ಟಿಗೆ ಕಲಿತನೆಂದೇ ಲೆಕ್ಕ.

ಉದಾಹರಣೆಯೊಂದನ್ನು ಕೊಡುತ್ತೇನೆ. ವಿದ್ಯುತ್ ಪ್ರವಾಹದ ಅಧ್ಯಾಯದಲ್ಲಿ ತಾಮ್ರದ ತಂತಿಯ ಡ್ರಿಫ್ಟ್ ವೇಗದ, ಅಂದರೆ ಎಲೆಕ್ಟ್ರಾನುಗಳು ಸರಾಸರಿ ಮುಂದೆ ಸರಿಯುವ ವೇಗದ, ಲೆಕ್ಕ ನಮಗೆಲ್ಲ ಬಾಯಿಪಾಠ: ಒಂದೂವರೆ ಆಂಪಿಯರ್‌ಗೆ ಸೆಕೆಂಡಿಗೆ ಸುಮಾರು 1.1 ಮಿಲಿಮೀಟರ್. ಆ ಲೆಕ್ಕ ಮಾಡಿಸಿದ ದಿನ ಸಂಜೆ ಕೇಳುತ್ತೇನೆ: "ಸ್ವಿಚ್ಚಿನಿಂದ ಬಲ್ಬಿಗೆ ಐದು ಮೀಟರ್ ತಂತಿ ಇದೆ. ಎಲೆಕ್ಟ್ರಾನುಗಳು ಈ ವೇಗದಲ್ಲಿ ಹೊರಟರೆ ಬಲ್ಬು ಹೊತ್ತಲು ಎಷ್ಟು ಹೊತ್ತು ಬೇಕು? ತಕ್ಷಣವೋ, ಐದು ಸೆಕೆಂಡೋ, ಒಂದೂಕಾಲು ಗಂಟೆಯೋ?" ಐದು ಮೀಟರನ್ನು 1.1 ಮಿಲಿಮೀಟರಿನಿಂದ ಭಾಗಿಸಿದರೆ ಸುಮಾರು 4,500 ಸೆಕೆಂಡು, ಅಂದರೆ ಹೆಚ್ಚುಕಡಿಮೆ ಒಂದೂಕಾಲು ಗಂಟೆಯೇ ಬರುತ್ತದೆ. ದಿನವೂ ಸ್ವಿಚ್ಚು ಒತ್ತುವ ಮಕ್ಕಳಲ್ಲಿ ಪ್ರತಿವರ್ಷ ಕಾಲುಭಾಗವಾದರೂ ಈ ಒಂದೂಕಾಲು ಗಂಟೆಯನ್ನು ಆರಿಸುತ್ತಾರೆ, ಅದರಲ್ಲೂ ಲೆಕ್ಕದಲ್ಲಿ ಚುರುಕಾದವರು. 'ತಕ್ಷಣ' ಎಂದವರಲ್ಲಿಯೂ ಹೆಚ್ಚಿನವರ ಕಾರಣ "ಮನೆಯಲ್ಲಿ ಹಾಗೇ ಆಗುತ್ತದಲ್ಲ ಸರ್" ಎಂಬುದೇ ಆಗಿರುತ್ತದೆ. ತಂತಿಯ ಉದ್ದಕ್ಕೂ ಎಲೆಕ್ಟ್ರಾನುಗಳು ಮೊದಲೇ ತುಂಬಿವೆ, ವಿದ್ಯುತ್ ಕ್ಷೇತ್ರ ನೆಲೆಗೊಂಡೊಡನೆ ಎಲ್ಲ ಕಡೆಯೂ ಅವು ಒಟ್ಟಿಗೆ ಸರಿಯತೊಡಗುತ್ತವೆ ಎಂದು ಹೇಳಿದವರು ಇಬ್ಬರೋ ಮೂವರೋ ಸಿಕ್ಕರೆ ಹೆಚ್ಚು. ಮರುದಿನದ ತರಗತಿ ಎಲ್ಲಿಂದ ಶುರುವಾಗಬೇಕೆಂದು ನನಗೆ ಹಿಂದಿನ ರಾತ್ರಿಯೇ ತಿಳಿದಿರುತ್ತದೆ.

ಬೆಳಿಗ್ಗೆ ಹಲಗೆಯ ಮೇಲೆ ಮೂರು ಆಯ್ಕೆಗಳಿಗೆ ಬಿದ್ದ ಮತಗಳನ್ನು ಬರೆದು, ಹೆಸರು ಹೇಳದೆ ಎರಡು ಮೂರು ಕಾರಣಗಳನ್ನು ನಾನೇ ಓದುತ್ತೇನೆ. ಮಕ್ಕಳ ದನಿಯನ್ನು ತರಗತಿಯಲ್ಲಿ ಎಂದೂ ಕೇಳಿಸಬಾರದು. ಒಮ್ಮೆ ನಕ್ಕರೆಂದರೆ ಆ ಹುಡುಗಿ ಮತ್ತೆ ಉತ್ತರ ಕಳಿಸುವುದಿಲ್ಲ. ಬಳಿಕ ಅಕ್ಕಪಕ್ಕದವರು ವಾದಿಸಬೇಕು, ಮತ್ತೆ ಕೈ ಎತ್ತಬೇಕು. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರ ಪೀರ್ ಇನ್‌ಸ್ಟ್ರಕ್ಷನ್, ಅಂದರೆ ಮಕ್ಕಳು ಮತ ಹಾಕಿ, ತಮ್ಮತಮ್ಮಲ್ಲೇ ವಾದಿಸಿ ಕಲಿಯುವ ಕ್ರಮ, ಗೊತ್ತಿರುವವರಿಗೆ ಇದರ ಮೂಲ ತಿಳಿದೇ ಇರುತ್ತದೆ; ನಾನು ಮಾಡಿದ್ದು ಮೊದಲ ಮತದಾನವನ್ನು ಹಿಂದಿನ ಸಂಜೆಗೆ, ಮನೆಗೆ ಒಯ್ದದ್ದಷ್ಟೆ. ಸರಿಯುತ್ತರ ಮೂರನೆಯ ಒಂದಕ್ಕಿಂತ ಕಡಿಮೆಯಿದ್ದರೆ ವಾದಕ್ಕೆ ಬಿಡದೆ ಪಾಠವನ್ನೇ ಮತ್ತೆ ಮಾಡುತ್ತೇನೆ. ಹೆಚ್ಚುಕಡಿಮೆ ಎಲ್ಲರೂ ಸರಿ ಹೇಳಿದ್ದರೆ ಆ ಪ್ರಶ್ನೆಯನ್ನು ಮುಂದಿನ ವರ್ಷದ ಪಟ್ಟಿಯಿಂದ ತೆಗೆಯುತ್ತೇನೆ. ವಾದ ಮುಗಿದ ಮೇಲೆ ಫೆಟ್ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ನಡೆಯುವ ಅಣಕು ಪ್ರಯೋಗ, ತೋರಿಸುವ ಅಭ್ಯಾಸವಿದೆ. ಕೊಲೊರಾಡೊ ವಿಶ್ವವಿದ್ಯಾಲಯದ ಈ ಸಿಮ್ಯುಲೇಶನ್‌ಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತವೆ, ಹಲವು ಕನ್ನಡದಲ್ಲಿಯೂ ಇವೆ. ವಾದಕ್ಕೆ ಮೊದಲೇ ತೋರಿಸಿದರೆ ಮಾತ್ರ ಅದೂ ಇನ್ನೊಂದು ವಿಡಿಯೊ ಆಗಿಬಿಡುತ್ತದೆ.

ಇಷ್ಟು ಸಂದೇಶಗಳನ್ನು ಕೇಳಲು ಸಮಯವೆಲ್ಲಿ ಎಂಬುದು ಎಲ್ಲರ ಆಕ್ಷೇಪ. ಅರವತ್ತು ಉತ್ತರಗಳು, ತಲಾ ಇಪ್ಪತ್ತು ಸೆಕೆಂಡು, ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರೆ ಹೆಚ್ಚೆಂದರೆ ಕಾಲು ಗಂಟೆ. ಒಂದು ಕಿರುಪರೀಕ್ಷೆಯ ಕಟ್ಟು ತಿದ್ದಲು ಇದರ ಹತ್ತು ಪಟ್ಟು ಹೊತ್ತು ಬೇಕು. ಪ್ರತಿಯೊಬ್ಬರಿಗೂ ಉತ್ತರಿಸುವ ಗೋಜಿಗೆ ಹೋಗುವುದಿಲ್ಲ, ಆದರೆ ದಿನಕ್ಕೆ ನಾಲ್ಕೈದು ಮಂದಿಗೆ ಹೆಸರು ಹಿಡಿದು ಒಂದು ವಾಕ್ಯ ಹೇಳುತ್ತೇನೆ. ಆ ನಾಲ್ಕೈದು ಮಂದಿಯನ್ನು ಯಾವ ಲೆಕ್ಕದ ಮೇಲೆ ಆರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವಾರ ಉತ್ತರಿಸದ ಹುಡುಗ ಮೂರನೆಯ ವಾರ ತಾನಾಗಿಯೇ ಬರುವಂತೆ ಮಾಡುವ ಇನ್ನೊಂದು ಉಪಾಯವೂ ಹಾಗೆಯೇ ನನ್ನ ಬಳಿಯೇ ಇರಲಿ. ನಮ್ಮ ವಿದ್ಯಾರ್ಥಿಗಳಿಗೆ ಅದು ಗೊತ್ತಾದರೆ ಕೆಲಸ ಕೆಟ್ಟಿತು.

ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗಾಗಿ ಮಾಡಿದ ಪ್ರಯೋಗ ನನಗೆ ಹೆಚ್ಚು ಇಷ್ಟವಾದದ್ದು. ಆರಂಭದಲ್ಲಿ ಹತ್ತು ಹನ್ನೆರಡು ಮಂದಿಯ ಬಳಿ ಕೀಪ್ಯಾಡ್ ಫೋನು ಮಾತ್ರ ಇತ್ತು. ಅವರಿಗೆ ಪ್ರಶ್ನೆಯನ್ನು ಮಧ್ಯಾಹ್ನವೇ ಚೀಟಿಯಲ್ಲಿ ಕೊಟ್ಟು, ಸಂಜೆ ನನ್ನ ಎರಡು ಸಿಮ್‌ಗಳಿಗೆ ಮಿಸ್ಡ್ ಕಾಲ್ ಕೊಡಲು ಹೇಳಿದೆ: ಮೊದಲ ಸಂಖ್ಯೆಗೆ ಕೊಟ್ಟರೆ 'ಎ', ಎರಡನೆಯದಕ್ಕೆ 'ಬಿ', ಎರಡಕ್ಕೂ ಕೊಟ್ಟರೆ 'ಸಿ'. ಕಾಸಿನ ಖರ್ಚಿಲ್ಲ. ಕಾರಣವನ್ನು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಬಾಯಲ್ಲಿ ಕೇಳುತ್ತಿದ್ದೆ. ಮೊದಲ ವಾರ ನಾಲ್ಕಾರು ತಂದೆಯರು ತಿರುಗಿ ಕರೆ ಮಾಡಿ "ಯಾರು ಮಾತಾಡೋದು?" ಎಂದು ಗದರಿದ್ದುಂಟು, ಪೋಷಕರ ಸಭೆಯಲ್ಲಿ ತಿಳಿಸಿದ ಮೇಲೆ ಅದು ನಿಂತಿತು.

ನಮ್ಮಲ್ಲಿ ಜುಲೈ, ಆಗಸ್ಟ್‌ಗಳಲ್ಲಿ ಮಳೆ ರಜೆ ಘೋಷಣೆಯಾದರೆ ವಾರಗಟ್ಟಲೆ ಪಾಠ ಹಿಂದೆ ಬೀಳುತ್ತದೆ, ಕರೆಂಟೂ ಇರುವುದಿಲ್ಲ. ಈ ಕ್ರಮದ ನಿಜವಾದ ಪರೀಕ್ಷೆ ನಡೆದದ್ದು ಅಲ್ಲಿ. ಒಂದು ವರ್ಷ ಮಳೆ ರಜೆಯಲ್ಲಿ ಪ್ರಥಮ ಪಿಯು ಮಕ್ಕಳಿಗೆ ಫೈಫಾಕ್ಸ್ ಆ್ಯಪ್ ಹಾಕಿಸಿದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಟ್ಟಿರುವ ಈ ಆ್ಯಪಿನಲ್ಲಿ ಎರಡು ಶಬ್ದಗಳ ನಡುವಿನ ಕಾಲವನ್ನು ಅಳೆಯುವ ಗಡಿಯಾರವಿದೆ. ಮೇಜಿನಂಚಿನಿಂದ ಚಾಚಿದ ಅಡಿಪಟ್ಟಿಯ ಮೇಲೆ ಒಂದು ಅಡಿಕೆ ಇಟ್ಟು, ಪಟ್ಟಿಗೆ ಪಕ್ಕದಿಂದ ಚಮಚದಲ್ಲಿ ಹೊಡೆದರೆ ಅದು ಮೊದಲ ಶಬ್ದ, ಅಡಿಕೆ ಕೆಳಗಿನ ಸ್ಟೀಲ್ ತಟ್ಟೆಗೆ ಬಿದ್ದರೆ ಅದು ಎರಡನೆಯದು. 1.2 ಮೀಟರ್ ಎತ್ತರಕ್ಕೆ ಅರ್ಧ ಸೆಕೆಂಡಿನ ಹತ್ತಿರ ಬರಬೇಕು. ಮೊದಲ ದಿನ ತಗಡಿನ ಮಾಡಿನ ಮನೆಯವರ ಉತ್ತರಗಳೆಲ್ಲ ಅರ್ಥವಿಲ್ಲದ ಅಂಕಿಗಳಾಗಿದ್ದವು, ಏಕೆಂದರೆ ಮಳೆಯ ಸದ್ದಿಗೇ ಗಡಿಯಾರ ಓಡಿ ನಿಲ್ಲುತ್ತಿತ್ತು. ಶಬ್ದದ ಮಿತಿಯನ್ನು ಏರಿಸಬೇಕೆಂದು ಒಬ್ಬ ಹುಡುಗಿ ತಾನೇ ಕಂಡುಹಿಡಿದು ಮಿಕ್ಕವರಿಗೂ ಹೇಳಿಕೊಟ್ಟಳು. ಮರುದಿನ ಆ ಕಾಲದಿಂದ ಲೆಕ್ಕ ಹಾಕಿದ ಗುರುತ್ವ ವೇಗೋತ್ಕರ್ಷದ ಬೆಲೆ ಒಂಬತ್ತರಿಂದ ಹತ್ತೂವರೆಯವರೆಗೆ ಬಂತು. ಪ್ರಯೋಗಶಾಲೆಯ ಲೋಲಕದಲ್ಲಿ ಎಲ್ಲರಿಗೂ ಪುಸ್ತಕದಲ್ಲಿರುವ 9.8 ಬರುವುದು ಹೇಗೆಂದು ನಮಗೆಲ್ಲ ಗೊತ್ತು. ಈ ಅಂಕಿಗಳು ಅದಕ್ಕಿಂತ ಪ್ರಾಮಾಣಿಕವಾಗಿದ್ದವು. ಇದನ್ನೇ ಘಾಟಿ ಬಸ್ಸಿನಲ್ಲಿ ಫೋನ್ ಹಿಡಿದು ತಿರುವುಗಳ ವೇಗೋತ್ಕರ್ಷ ಅಳೆಯುವವರೆಗೆ ಬೆಳೆಸಲು ನೋಡಿದೆ, ಆದರೆ ಎಂಜಿನ್ನಿನ ನಡುಕವೇ ನಕ್ಷೆಯನ್ನೆಲ್ಲ ತುಂಬಿಕೊಂಡಿತು.

ಈಗ ಖರ್ಚು ತಿಂಗಳಿಗೆ ಇನ್ನೂರು, ಇನ್ನೂರೈವತ್ತು ರೂಪಾಯಿ. ಅದರಲ್ಲಿಯೂ ಹೆಚ್ಚಿನದು ತೀರ ಕಷ್ಟದಲ್ಲಿರುವ ಒಬ್ಬಿಬ್ಬರ ರೀಚಾರ್ಜ್‌ಗೆ ಹೋಗುತ್ತದೆ. ಉತ್ತರಿಸುವವರು ನೂರಕ್ಕೆ ಎಪ್ಪತ್ತೈದರಿಂದ ಎಂಬತ್ತು, ಮಳೆ ರಜೆಯಲ್ಲಿ ಅರವತ್ತು. ಭೌತಶಾಸ್ತ್ರದಲ್ಲಿ ಉತ್ತೀರ್ಣರಾಗುವವರ ಪ್ರಮಾಣ ಮೊದಲು ಅರವತ್ತೈದರ ಆಸುಪಾಸಿನಲ್ಲಿತ್ತು, ಈಗ ಎಂಬತ್ತೈದನ್ನು ದಾಟಿದೆ. ಪ್ರಶ್ನೆಪತ್ರಿಕೆಯಲ್ಲಿ ಬಹುಆಯ್ಕೆಯ ಪ್ರಶ್ನೆಗಳು ಬಂದಿರುವುದೂ ಇದಕ್ಕೆ ಕಾರಣವೆಂದು ಮಿತ್ರರು ಹೇಳುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಮಾದರಿಯ ಪ್ರಶ್ನೆಪತ್ರಿಕೆಯಿದ್ದ ಇತರ ವಿಷಯಗಳ ಫಲಿತಾಂಶ ನಮ್ಮದೇ ಕಾಲೇಜಿನಲ್ಲಿ ಇಷ್ಟು ಏರಿಲ್ಲ ಎಂಬುದನ್ನೂ ಅವರು ನೋಡಬೇಕು.

ಈ ವರ್ಷ ನಮ್ಮ ಗಣಿತದ ಸಹೋದ್ಯೋಗಿ ಇದೇ ಕ್ರಮವನ್ನು ಕೈಗೆತ್ತಿಕೊಂಡಿದ್ದಾರೆ. ಅವಕಲನದ ಹೆಜ್ಜೆಗಳನ್ನು ಬಾಯಲ್ಲಿ ಹೇಳುವುದು ಮಕ್ಕಳಿಗೆ ಆಗುತ್ತಿಲ್ಲವಾದ್ದರಿಂದ, ತಪ್ಪಾಗಿ ಬಿಡಿಸಿದ ಒಂದು ಲೆಕ್ಕದ ಫೋಟೊ ಕಳಿಸಿ ತಪ್ಪು ಎಷ್ಟನೆಯ ಸಾಲಿನಲ್ಲಿದೆಯೆಂದು ಕೇಳುತ್ತಿದ್ದಾರೆ. ಅರ್ಧದಷ್ಟು ಮಂದಿ ಈಗಾಗಲೇ ಉತ್ತರಿಸುತ್ತಿದ್ದಾರೆ. ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳು ಬಂದ ಮೇಲೆ ಅದರ ವಿವರವನ್ನು ಅವರಿಂದಲೇ ಬರೆಸುತ್ತೇನೆ.