ಮಂದ್ರಕ್ಕೆ ಇಳಿದ ಆರು ಕಂಠಗಳು

ಲಂಡನ್ನಿನ ಆಫ್ರಿಕನ್ ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆಗಳ) ವೃಂದವೊಂದರಲ್ಲಿ ನಾನು ಟೆನರ್, ಅಂದರೆ ಗಂಡಸರ ಎತ್ತರದ ದನಿಯ ಸಾಲಿನ ಗಾಯಕ. ಹಾಡುಗಳನ್ನು ಕಂಠಗಳಿಗೆ ಹಂಚಿ ಬರೆದುಕೊಡುವ ಕೆಲಸವೂ ನನ್ನದೇ. ಅಮೆರಿಕದ ಗಾಯಕ ಪಾಲ್ ಸೈಮನ್ ಅವರ 1986ರ ‘ಗ್ರೇಸ್‌ಲ್ಯಾಂಡ್’ ಆಲ್ಬಮ್ಮನ್ನು ಇಡಿಯಾಗಿ ವೇದಿಕೆಯ ಮೇಲೆ ಹಾಡುವುದೆಂದು ತೀರ್ಮಾನವಾದಾಗ, ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್‌ನ ವಾದಕರ ಕೈಯಲ್ಲಿ ರೂಪುಗೊಂಡ ಆ ಸಂಗೀತ ನಮಗೆ ಸಲೀಸಾಗಿ ಒಗ್ಗುತ್ತದೆಂದು ನಂಬಿದ್ದೆ. ಮೊದಲ ತಾಲೀಮಿನಲ್ಲೇ ಆ ನಂಬಿಕೆ ಉಳಿಯಲಿಲ್ಲ.

‘ಯೂ ಕ್ಯಾನ್ ಕಾಲ್ ಮಿ ಆಲ್’ ಹಾಡಿನಲ್ಲಿ ಬಕಿತಿ ಕುಮಾಲೊ ಅವರ ಪ್ರಸಿದ್ಧ ಬೇಸ್ ಗಿಟಾರ್ ತುಣುಕಿನ ಉತ್ತರಾರ್ಧವು ಪೂರ್ವಾರ್ಧದ ಟೇಪನ್ನೇ ಹಿಂದುಮುಂದಾಗಿಸಿ ಜೋಡಿಸಿದ್ದು. ಅದನ್ನು ವೇದಿಕೆಯಲ್ಲಿ ಹಾಗೆಯೇ ನುಡಿಸುವುದು ಕಷ್ಟವಾದ್ದರಿಂದ, ಪೂರ್ವಾರ್ಧವನ್ನು ಗಿಟಾರಿಗೆ ಬಿಟ್ಟು, ಉತ್ತರಾರ್ಧವನ್ನು ಆಲ್ಟೊ (ಹೆಂಗಸರ ತಗ್ಗಿನ ದನಿ) ಮತ್ತು ಟೆನರ್ ಕಂಠಗಳಿಗೆ ಚಿಕ್ಕ ಚಿಕ್ಕ ಉಚ್ಚಾರಗಳಾಗಿ ಹಂಚಿದೆ.

ನಿಜವಾದ ತೊಡಕು ಇದ್ದದ್ದು ‘ಹೋಮ್‌ಲೆಸ್’ನಲ್ಲಿ. ಜೋಸೆಫ್ ಶಬಲಾಲ ಅವರ ಲೇಡಿಸ್ಮಿತ್ ಬ್ಲ್ಯಾಕ್ ಮಾಂಬಾಜೊ ತಂಡ ವಾದ್ಯಗಳಿಲ್ಲದೆ ಹಾಡಿದ ಈ ಗೀತೆ ಇಸಿಕತಮಿಯ ಎಂಬ, ದಕ್ಷಿಣ ಆಫ್ರಿಕದ ಜುಲು ಜನರ ಗಾಯನಶೈಲಿಯದು. ಸಾಮಾನ್ಯವಾಗಿ ಗಾಸ್ಪೆಲ್ ವೃಂದದಲ್ಲಿ ಸೊಪ್ರಾನೊ (ಹೆಂಗಸರ ಎತ್ತರದ ದನಿ), ಆಲ್ಟೊ, ಟೆನರ್ ಎಂಬ ಮೂರೇ ಸಾಲುಗಳಿದ್ದು ಮಂದ್ರದ ಭಾರವನ್ನು ವಾದ್ಯಗಳು ಹೊರುತ್ತವೆ. ಆ ತಂಡದಲ್ಲಾದರೋ ಹತ್ತು ಮಂದಿಯಲ್ಲಿ ಏಳು ಮಂದಿ ಬೇಸ್, ಅಂದರೆ ಮಂದ್ರದ ದನಿಯ ಗಾಯಕರಿದ್ದರು. ನಮ್ಮ ಎತ್ತರದ, ಹೊಳೆಯುವ ಕಂಠಗಳಲ್ಲಿ ಆ ಹಾಡು ಬುಡವಿಲ್ಲದ ಮರದಂತೆ ಕೇಳಿಸಿತು. ಕೊನೆಗೆ ನಾನೂ ಸೇರಿ ಆರು ಗಂಡಸರನ್ನು ಮಂದ್ರಕ್ಕೆ ಇಳಿಸಿ, ಟೆನರ್ ಸಾಲನ್ನು ತಗ್ಗಿನ ಕಂಠದ ಇಬ್ಬರು ಹೆಂಗಸರಿಗೆ ಒಪ್ಪಿಸಿದೆ. ಮೂಲದಲ್ಲಿ ಇಲ್ಲದ ಈ ಹೆಣ್ಣುದನಿ ಹಾಡಿಗೆ ತಂದ ಮಾರ್ದವ ನನಗೆ ಇಂದಿಗೂ ಪ್ರಿಯ.

ದನಿಯನ್ನು ಏರಿಸುತ್ತ ಹೋಗುವುದು ನಮಗೆ ರೂಢಿ. ಇಸಿಕತಮಿಯ ಎಂಬ ಹೆಸರೇ ಸದ್ದಿಲ್ಲದೆ ಹೆಜ್ಜೆಯಿಡು ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ಆದ್ದರಿಂದ ವೃಂದದ ಹಿರಿಯ ದಕ್ಷಿಣ ಆಫ್ರಿಕನ್ ಗಾಯಕಿಯೊಬ್ಬರು ನಮ್ಮೆಲ್ಲರ ಬೂಟು ಬಿಚ್ಚಿಸಿ, ಯಾರ ಹೆಜ್ಜೆಯ ಸದ್ದಾದರೂ ಕೇಳಿದರೆ ಮತ್ತೆ ಮೊದಲಿನಿಂದ ಹಾಡಿಸುತ್ತಿದ್ದರು. ನಮ್ಮಲ್ಲಿ ಹೆಚ್ಚಿನವರು ನೈಜೀರಿಯ, ಘಾನ, ಕಾಂಗೊ ಮೂಲದವರು. ಜುಲು ನನಗೆಷ್ಟೋ ಅವರಿಗೂ ಅಷ್ಟೇ ಹೊಸದು. ನಾನು ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ‘ಮಾತಾಡಿ’ ಎಂಬರ್ಥದ ‘ಖುಲುಮಾನಿ’ಯ ಖಕಾರವೂ ‘ಪ್ರೀತಿಸು’ ಎಂಬರ್ಥದ ‘ಥಾಂಡ’ದ ಥಕಾರವೂ ನಮ್ಮ ಮಹಾಪ್ರಾಣಗಳೇ ಆದ್ದರಿಂದ, ಆ ಅಕ್ಷರಗಳಲ್ಲಿ ಹಿರಿಯರು ನನ್ನನ್ನು ತಿದ್ದಬೇಕಾಗಲಿಲ್ಲ, ಗಾಳಿಯನ್ನು ಒಳಕ್ಕೆಳೆದು ನುಡಿಯುವ ಬಕಾರವನ್ನು ಮಾತ್ರ ವಾರಗಟ್ಟಲೆ ತಿದ್ದಿದರು.

ಇನ್ನೊಂದು ವಿಷಯದಲ್ಲಿ ನಾನು ಹಟ ಹಿಡಿದೆ. ವರ್ಣಭೇದ ನೀತಿಯ ವಿರುದ್ಧ ಸಾಂಸ್ಕೃತಿಕ ಬಹಿಷ್ಕಾರ ಜಾರಿಯಲ್ಲಿದ್ದ 1985ರಲ್ಲಿ ಸೈಮನ್ ಜೋಹಾನ್ಸ್‌ಬರ್ಗ್‌ಗೆ ಹೋಗಿ ಧ್ವನಿಮುದ್ರಣ ಮಾಡಿದ್ದು ದೊಡ್ಡ ವಿವಾದವಾಗಿತ್ತು. ಆ ವಾದದಲ್ಲಿ ಯಾವ ಪಕ್ಷ ಹಿಡಿದರೂ, ಗಿಟಾರ್ ವಾದಕ ರೇ ಫಿರಿ ಮೊದಲಾದವರ ಹೆಸರನ್ನು ಹೇಳದೆ ಆ ಹಾಡುಗಳನ್ನು ಹಾಡುವುದು ನನಗೆ ಸರಿಕಾಣಲಿಲ್ಲ. ವೇದಿಕೆಯ ಮೇಲೆ ಪ್ರತಿಯೊಬ್ಬರ ಹೆಸರನ್ನೂ ಹೇಳಿಯೇ ಮುಂದುವರಿದೆವು.

ಪ್ರದರ್ಶನದ ರಾತ್ರಿ ‘ಹೋಮ್‌ಲೆಸ್’ಗೆ ಮುಂಚೆ ವಾದ್ಯಗಳೆಲ್ಲ ನಿಂತವು. ಆಗ ನಮ್ಮ ಡ್ರಮ್ ವಾದಕರು ಕೋಲುಗಳನ್ನು ಕೆಳಗಿಟ್ಟು, ಬೂಟು ಬಿಚ್ಚಿ, ನನ್ನ ಪಕ್ಕಕ್ಕೆ ಬಂದು ನಿಂತರು. ಪ್ರತಿ ತಾಲೀಮಿನಲ್ಲೂ ಕುಳಿತಲ್ಲಿಂದಲೇ ನಮ್ಮ ಸಾಲನ್ನು ಕಲಿತಿದ್ದರಂತೆ. ಅಂದು ನಮ್ಮಲ್ಲೂ ಬೇಸ್ ಕಂಠಗಳು ಏಳಾದವು.