ಕಲಬುರಗಿ ಬಿಸಿಲಲ್ಲಿ ಓವರ್‌ಕ್ಲಾಕಿಂಗ್

ಓವರ್‌ಕ್ಲಾಕ್ ಮಾಡಿದರೆ, ಅಂದರೆ ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಿದರೆ, ಪ್ರೊಸೆಸರ್ ಸುಟ್ಟೇ ಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಒಂದು ನಂಬರ್ ಬದಲಿಸಿದರೆ ಮುಗೀತು ಎನ್ನುವವರೂ ಇದ್ದಾರೆ. ಎರಡನ್ನೂ ನಂಬಬೇಡಿ. ಬಿಸಿ ಮಿತಿ ದಾಟಿದರೆ ಈಗಿನ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಮೀರಿದರೆ ಆಫ್ ಆಗುತ್ತದೆ. ನಾವು ಕೈಯಾರೆ ಕೊಡುವ ವೋಲ್ಟೇಜಿಗೆ ಮಾತ್ರ ಅಷ್ಟು ಗಟ್ಟಿ ಕಾವಲಿಲ್ಲ. ಹೆಚ್ಚಾದದ್ದು ತಿಂಗಳುಗಟ್ಟಲೆ ಒಳಗೊಳಗೇ ಚಿಪ್ಪನ್ನು ಸವೆಸುತ್ತದೆ. ಹಾಗಾಗಿ ಶುರು ಮಾಡುವ ಮೊದಲೇ ಗೆರೆ ಎಳೆದುಕೊಂಡೆ: 1.3 ವೋಲ್ಟ್ ಮೇಲೆ ಹೋಗುವುದಿಲ್ಲ.

ನನ್ನದು ಎಎಂಡಿ ರೈಜನ್ 5 3600, 2019ರಲ್ಲಿ ಬಂದ ಚಿಪ್ಪು. 6 ಕೋರ್ (ಲೆಕ್ಕ ಮಾಡುವ ಘಟಕಗಳು), ಬೇಸ್ ಅಂದರೆ ಮೂಲ ವೇಗ 3.6 ಗಿಗಾಹರ್ಟ್ಸ್, ಬೂಸ್ಟ್ ಅಂದರೆ ತಾನೇ ಏರುವ ಗರಿಷ್ಠ ವೇಗ 4.2. ಮದರ್‌ಬೋರ್ಡು ಬಿ450. ಇದೇ ಚಿಪ್ಪನ್ನು ಓವರ್‌ಕ್ಲಾಕ್‌ಗೆ ಬಿಡದ ಎ320 ಬೋರ್ಡಿನಲ್ಲಿ ಹಾಕಿದ್ದರೆ ಈ ಆಟವೇ ಇರುತ್ತಿರಲಿಲ್ಲ. ಇಂಟೆಲ್‌ನವರಾದರೆ ಮಾಡೆಲ್ ಹೆಸರಿನ ಕೊನೆಯಲ್ಲಿ ‘ಕೆ’ ಇದೆಯೇ, ಬೋರ್ಡು ‘ಝಡ್’ ಸರಣಿಯದೇ ನೋಡಿಕೊಳ್ಳಬೇಕು. ಓವರ್‌ಕ್ಲಾಕ್‌ನಿಂದಾದ ಹಾನಿಗೆ ಎಎಂಡಿ ವಾರಂಟಿ ಕೊಡುವುದಿಲ್ಲ. ನನ್ನದರ ವಾರಂಟಿ ಮುಗಿದಿತ್ತು, ಆ ಚಿಂತೆ ಇರಲಿಲ್ಲ. ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ಸಿದ್ಧ ವಿಡಿಯೊ ಹೊರತೆಗೆಯಲು ರೆಂಡರ್‌ಗೆ ಹಾಕಿದರೆ ಆರೂ ಕೋರ್ ಗಂಟೆಗಟ್ಟಲೆ ದುಡಿಯುತ್ತವೆ. ‘ಸುಮ್ನ ಯಾಕ್ರಿ ಸರ, ಚಲೋ ನಡದದಲ್ರಿ’ ಅಂದ ರಿಪೇರಿ ಅಂಗಡಿಯ ಹುಡುಗ. ಅವನ ಮಾತೂ ತಪ್ಪಲ್ಲ.

ಬೇಕೆಂದೇ ಏಪ್ರಿಲ್ ತಿಂಗಳು ಆರಿಸಿಕೊಂಡೆ. ಕೋಣೆ 10 ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಡಿಸೆಂಬರಿನಲ್ಲಿ ಪಾಸಾದ ಸೆಟ್ಟಿಂಗ್ ನಮ್ಮೂರಿನ ಮೇ ತಿಂಗಳಲ್ಲಿ ನಿಲ್ಲುತ್ತದೆಂಬ ಭರವಸೆಯಿಲ್ಲ. ಏಪ್ರಿಲ್ ಮಧ್ಯಾಹ್ನ ತಡೆದುಕೊಂಡರೆ ವರ್ಷಪೂರ್ತಿ ಹೆಚ್ಚು ಚಿಂತೆಯಿಲ್ಲ.

ಚಿಪ್ಪಿನ ಜೊತೆ ಬಂದಿದ್ದ ಚಿಕ್ಕ ಕೂಲರ್ ಇಟ್ಟುಕೊಂಡೇ ರೆಂಡರ್ ಹಾಕಿದಾಗ ತಾಪ 90ರ ಹತ್ತಿರ ಹೋಗುತ್ತಿತ್ತು, ಇದರ ಮಿತಿಯೇ 95. ಬೆಂಗಳೂರಿನ ಎಸ್‌ಪಿ ರೋಡಿನಿಂದ 120 ಮಿ.ಮೀ. ಫ್ಯಾನಿನ ಟವರ್ ಕೂಲರ್ ತಂದೆ. ಹಳೆಯದನ್ನು ಬಿಚ್ಚುವಾಗ ಜೋಪಾನ. ಇದರಂಥ ಎಎಂ4 ಸಾಕೆಟ್‌ನ ಪ್ರೊಸೆಸರ್‌ನ ಪಿನ್ನುಗಳು ಚಿಪ್ಪಿನಲ್ಲೇ ಇರುತ್ತವೆ. ಚಿಪ್ಪಿಗೂ ಕೂಲರ್‌ಗೂ ನಡುವೆ ಹಚ್ಚಿದ ಪೇಸ್ಟು ಒಣಗಿ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ, ಲಾಕ್ ಹಾಕಿದ್ದರೂ ಚಿಪ್ಪು ಸಾಕೆಟ್‌ನಿಂದ ಕಿತ್ತು ಕೂಲರ್ ಜೊತೆಗೇ ಬಂದುಬಿಡುತ್ತದೆ, ಪಿನ್ನು ಬಾಗುತ್ತವೆ. ಅದಕ್ಕೇ ಮೊದಲು ಹದಿನೈದು ನಿಮಿಷ, ಪ್ರೊಸೆಸರ್‌ಗೆ ಪೂರ್ತಿ ಹೊರೆ ಹಾಕುವ ಸಿನೆಬೆಂಚ್ ತಂತ್ರಾಂಶ ಓಡಿಸಿ ಪೇಸ್ಟು ಮೆತ್ತಗಾಗಿಸಿ, ಕರೆಂಟ್ ತೆಗೆದು, ಕ್ಯಾಬಿನೆಟ್ ಮಲಗಿಸಿ, ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿದೆ. ಅದು ಜಾರತೊಡಗಿದ ಮೇಲಷ್ಟೇ ಎತ್ತಿದ್ದು. ಸ್ಕ್ರೂ ಬಿಚ್ಚಿದಾಗ ಬೋರ್ಡಿನ ಹಿಂದಿರುವ ಪ್ಲೇಟು ಕಳಚಿ ಬೀಳುತ್ತದೆ, ಒಂದು ಕೈ ಅಲ್ಲಿರಲಿ.

ಬಯೋಸ್ ಅಪ್‌ಡೇಟ್ ಮಾಡಿದ್ದು ಯುಪಿಎಸ್ ಮೇಲೆ. ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು, ನಡುವೆ ಹೋದರೆ ಬೋರ್ಡೇ ಸತ್ತಂತೆ. ಆಮೇಲೆ ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ತರುವ ಎಕ್ಸ್‌ಎಂಪಿ ಆನ್ ಮಾಡಿದೆ. 3200ರ ರ‍್ಯಾಮ್ ಅಷ್ಟು ದಿನ 2400ರಲ್ಲಿ ಓಡುತ್ತಿತ್ತು! ಎಷ್ಟೋ ಮನೆಗಳ ಕಂಪ್ಯೂಟರ್ ಇವತ್ತಿಗೂ ಹಾಗೇ ಇವೆ. ಇಷ್ಟು ಮಾಡಿ ಇಲ್ಲಿಗೇ ನಿಲ್ಲಿಸಿದರೂ ಕಂಪ್ಯೂಟರ್ ಆಟ ಆಡುವವರಿಗೆ ಲಾಭದ ದೊಡ್ಡ ಪಾಲು ಸಿಕ್ಕಂತೆಯೇ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಪ್ರೊಸೆಸರ್‌ಗೆ ಕೈ ಹಾಕಿದೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೈ ಕೊಟ್ಟದ್ದು ಯಾವುದೆಂದು ಹುಡುಕುತ್ತ ಕೂರಬೇಕಾಗುತ್ತದೆ.

ಲೆಕ್ಕ ಸರಳ. ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಅದನ್ನು ಮುಟ್ಟಬಾರದು. ಅದನ್ನು ಗುಣಿಸುವ ಗುಣಕ 40 ಇಟ್ಟರೆ 4.0 ಗಿಗಾಹರ್ಟ್ಸ್. ವೋಲ್ಟೇಜನ್ನು ‘ಆಟೋ’ದಲ್ಲಿ ಬಿಡಲಿಲ್ಲ, ಏಕೆಂದರೆ ಕೆಲವು ಬೋರ್ಡುಗಳು ಬೇಕಾದ್ದಕ್ಕಿಂತ ಧಾರಾಳವಾಗಿ ಕೊಡುತ್ತವೆ. 1.2 ವೋಲ್ಟಿನಲ್ಲಿ 4.0 ಸಲೀಸಾಗಿ ಓಡಿತು. ಅಷ್ಟೇ ವೋಲ್ಟೇಜಿನಲ್ಲಿ 4.1 ಇಟ್ಟೆ. ಸಿನೆಬೆಂಚ್ ಆರ್23 ಹತ್ತು ನಿಮಿಷ ಸುಸೂತ್ರ. ಲೆಕ್ಕ ಮಾಡಿಸಿ ತಪ್ಪು ಹಿಡಿಯುವ ಪ್ರೈಮ್95 ಹಾಕಿದ ಸ್ವಲ್ಪ ಹೊತ್ತಿಗೆ ಅದರ ಒಂದು ವರ್ಕರ್ (ಲೆಕ್ಕದ ಒಂದು ಎಳೆ) ಮಾತ್ರ ನಿಂತಿತು. ‘ರೌಂಡಿಂಗ್ 0.5, 0.4ಕ್ಕಿಂತ ಕಡಿಮೆ ಇರಬೇಕಿತ್ತು’ ಎಂಬ ಅರ್ಥದ ಸಾಲು, ಪಕ್ಕದ ವರ್ಕರ್‌ಗಳು ಏನೂ ಆಗದಂತೆ ಓಡುತ್ತಲೇ ಇದ್ದವು. ನೀಲಿ ಸ್ಕ್ರೀನಿಗಿಂತ ನನಗೆ ಇದೇ ಹೆಚ್ಚು ಭಯ. ಕಂಪ್ಯೂಟರ್ ಕೆಡಲಿಲ್ಲ, ಲೆಕ್ಕ ತಪ್ಪು ಮಾಡಿತು. ಆ ತಪ್ಪು ನಾಳೆ ಯಾರದೋ ಧಾರೆಯ ದೃಶ್ಯದೊಳಗೆ ಕೂರುತ್ತದೆ.

1.25ಕ್ಕೆ ಏರಿಸಿದೆ, ರಾತ್ರಿಯಿಡೀ ಓಡಿತು. ಬಯೋಸ್‌ನಲ್ಲಿ ಬರೆದದ್ದೇ ಚಿಪ್ಪಿಗೆ ತಲುಪುತ್ತದೆ ಎಂದುಕೊಳ್ಳಬೇಡಿ. ತಾಪ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ‘ಎಸ್‌ವಿಐ2 ಟಿಎಫ್‌ಎನ್’ ಎಂಬ ಸಾಲು ನೋಡಿದರೆ, ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯುವುದು ಕಾಣುತ್ತದೆ. ಅದನ್ನು ಸರಿದೂಗಿಸುವ ಲೋಡ್‌ಲೈನ್ ಕ್ಯಾಲಿಬ್ರೇಶನ್ನನ್ನು ಮಧ್ಯಮದಲ್ಲಿಟ್ಟೆ. ಗರಿಷ್ಠಕ್ಕೆ ಇಟ್ಟರೆ ಹೊರೆ ಇಳಿದ ಕ್ಷಣ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ.

4.2 ನನ್ನ ಚಿಪ್ಪಿಗೆ 1.3ರಲ್ಲೂ ನಿಲ್ಲಲಿಲ್ಲ. 1.35 ಕೊಟ್ಟರೆ ನಿಲ್ಲುತ್ತಿತ್ತೇನೋ, ಕೊಡಲಿಲ್ಲ. ಚಿಪ್ಪು ತಿನ್ನುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: 1.25ರಿಂದ 1.35ಕ್ಕೆ ಹೋದರೆ ಅದರಿಂದಲೇ ಸುಮಾರು ಶೇ. 17 ಹೆಚ್ಚು, ವೇಗ ಸೇರಿಸಿದರೆ ಶೇ. 19ರ ಮೇಲೆ. ಸಿಗುವ ವೇಗ ಶೇ. 2.4. ಈ ವ್ಯಾಪಾರ ಯಾರಿಗೆ ಬೇಕು? 4.1ರಲ್ಲೇ ನಿಲ್ಲಿಸಿದೆ. ಮಧ್ಯಾಹ್ನದ ರೆಂಡರ್‌ನಲ್ಲೂ ತಾಪ 78 ದಾಟುವುದಿಲ್ಲ. ಮೊದಲು ಆರೂ ಕೋರ್ ದುಡಿಯುವಾಗ 3.95ರ ಆಸುಪಾಸಿನಲ್ಲಿರುತ್ತಿತ್ತು, ಅಂದರೆ ಗಳಿಕೆ ಶೇ. 4ರಷ್ಟು. ಕಳೆದುಕೊಂಡದ್ದೂ ಇದೆ: ಕೈಯಾರೆ ವೇಗ ಕಟ್ಟಿದರೆ ರೈಜನ್‌ನ ಬೂಸ್ಟ್ ಹೋಗುತ್ತದೆ, ಒಂದೇ ಕೋರ್ ಬಳಸುವ ಕೆಲಸಕ್ಕೆ ಮೊದಲಿನ 4.2 ಸಿಗುವುದಿಲ್ಲ. ನನ್ನ ಕೆಲಸಕ್ಕೆ ಅದು ನಷ್ಟವಲ್ಲ.

ಗೆಳೆಯನೊಬ್ಬ ರೈಜನ್ 5 5600 ತಂದಿಟ್ಟು ‘ನಂದೂ ಮಾಡಿಕೊಡು’ ಅಂದ. ಅವನು ಆಟ ಆಡುವವನು, ಹಾಗಾಗಿ ಗುಣಕ ಮುಟ್ಟಲಿಲ್ಲ. ಆ ತಲೆಮಾರಿನ ಚಿಪ್ಪುಗಳಿಗೆ ಕರ್ವ್ ಆಪ್ಟಿಮೈಜರ್ ಇದೆ: ಬೂಸ್ಟ್ ಉಳಿಸಿಕೊಂಡೇ ಪ್ರತಿ ಕೋರ್‌ನ ವೋಲ್ಟೇಜ್ ತುಸು ಇಳಿಸಬಹುದು. ಎಲ್ಲ ಕೋರ್‌ಗೂ ಮೈನಸ್ 10 ಇಟ್ಟೆವು. ಇಲ್ಲಿ ಪ್ರೈಮ್95ನ ಎಲ್ಲ ಕೋರ್‌ಗಳ ಪರೀಕ್ಷೆ ಪಾಸಾದರೆ ಸಾಲದು. ಕೋರ್ ಒಂಟಿಯಾಗಿ ಮೇಲಿನ ವೇಗಕ್ಕೆ ಏರಿದಾಗ, ಕೆಲವೊಮ್ಮೆ ಕಂಪ್ಯೂಟರ್ ಸುಮ್ಮನಿದ್ದಾಗಲೇ ರೀಸ್ಟಾರ್ಟ್ ಆಗುವುದುಂಟು. ಕೋರ್‌ಸೈಕ್ಲರ್ ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸುತ್ತದೆ, ಅದನ್ನು ರಾತ್ರಿ ಓಡಲು ಬಿಟ್ಟೆವು. ಬೆಳಿಗ್ಗೆ ನೋಡಿದರೆ ಒಂದೇ ಕೋರ್ ತಕರಾರು ಮಾಡಿತ್ತು. ಅದೊಂದನ್ನು ಮೈನಸ್ 5ಕ್ಕೆ ತಂದೆವು, ಉಳಿದವು ಹಾಗೇ ಇವೆ.