ಹವಳದ ತೊಟ್ಟಿಯಲ್ಲಿ ಕ್ಷಾರೀಯತೆ ಕುಸಿದಾಗ

ಭಾರತದಲ್ಲಿ ಗಟ್ಟಿ ಹವಳಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಆದರೆ ನಾನಿರುವುದು ಅಮೆರಿಕದ ಸ್ಯಾನ್ ಹೋಸೆಯಲ್ಲಿ. ಇಲ್ಲಿ ತೊಟ್ಟಿಯಲ್ಲೇ ಬೆಳೆಸಿದ ಹವಳದ ತುಂಡುಗಳು ಸಿಗುತ್ತವೆ. ಅವನ್ನು ಮನೆಯ 200 ಲೀಟರ್ ಉಪ್ಪುನೀರಿನ ತೊಟ್ಟಿಯಲ್ಲಿ ಸಾಕುತ್ತೇನೆ.

ಹವಳದ ತುದಿಗಳು ಬಿಳಿಚಿಕೊಂಡಾಗ ಪರೀಕ್ಷಿಸಿದೆ: ಕ್ಷಾರೀಯತೆ (ಹವಳ ತನ್ನ ಅಸ್ಥಿಪಂಜರ ಕಟ್ಟಲು ಬಳಸುವ ಕಾರ್ಬೊನೇಟ್‌ಗಳ ಪ್ರಮಾಣ) 6.2 ಡಿಕೆಎಚ್ (ಅದನ್ನು ಅಳೆಯುವ ಮಾನ). ಸಮುದ್ರದ ನೀರಿನಲ್ಲೇ ಸುಮಾರು 7 ಇರುತ್ತದೆ. ಗಾಬರಿಯಲ್ಲಿ ವಾಷಿಂಗ್ ಸೋಡಾದ ದ್ರಾವಣವನ್ನು ಒಮ್ಮೆಲೇ ಸುರಿದೆ. ನೀರು ಹಾಲಿನಂತಾಯಿತು, ಹೀಟರಿಗೆ ಸುಣ್ಣ ಕಟ್ಟಿತು. ಸೇರಿಸಿದ್ದರಲ್ಲಿ ಬಹುಪಾಲು ಕ್ಯಾಲ್ಸಿಯಂ ಜೊತೆ ಸೇರಿ ತಳಕ್ಕಿಳಿದಿತ್ತು. ಮರುದಿನವೂ ಅಳತೆ ಹೆಚ್ಚೇನೂ ಏರಿರಲಿಲ್ಲ.

ಮೊದಲು ಮೆಗ್ನೀಸಿಯಂ ಅಳೆದೆ, 1150 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ). ಇದು ಕಡಿಮೆಯಿದ್ದರೆ ಸುಣ್ಣ ಬೇಗ ಕಟ್ಟುತ್ತದೆ. ಆದ್ದರಿಂದ ಅದನ್ನು ನಿಧಾನವಾಗಿ 1300ಕ್ಕೆ ತಂದೆ. ಬಳಿಕ ಅಡುಗೆ ಸೋಡಾ. ಶುದ್ಧವಾದದ್ದು ಮಾತ್ರ, ಬೇಕಿಂಗ್ ಪೌಡರ್ ಖಂಡಿತ ಅಲ್ಲ. 200 ಲೀಟರಿಗೆ 6 ಗ್ರಾಂ ಹಾಕಿದರೆ ಸುಮಾರು 1 ಡಿಕೆಎಚ್ ಏರುತ್ತದೆ. ನಾನು ದಿನಕ್ಕೆ 3 ಗ್ರಾಂ ಮಾತ್ರ ಆರ್‌ಒ ನೀರಿನಲ್ಲಿ ಕರಗಿಸಿ, ನೀರು ರಭಸವಾಗಿ ಹರಿಯುವ ಕಡೆ ತೊಟ್ಟು ತೊಟ್ಟಾಗಿ ಬಿಟ್ಟೆ. ಕ್ರಮೇಣ 8.2 ಮುಟ್ಟಿತು.

ಅದನ್ನು ಅಲ್ಲೇ ನಿಲ್ಲಿಸುವುದೇ ನಿಜವಾದ ಕೆಲಸ. ಮೂರು ದಿನ ಏನನ್ನೂ ಹಾಕದೆ ದಿನವೂ ಒಂದೇ ಹೊತ್ತಿಗೆ ಅಳೆದೆ: 8.2ರಿಂದ 7.0. ಅಂದರೆ ಹವಳಗಳು ದಿನಕ್ಕೆ 0.4 ಬಳಸುತ್ತಿವೆ, 2.4 ಗ್ರಾಂ ಸಾಕು. ಜೊತೆಗೆ ದಿನಕ್ಕೆ ಸುಮಾರು 3 ಪಿಪಿಎಂ ಕ್ಯಾಲ್ಸಿಯಂ ಕೂಡ ಖರ್ಚಾಗುತ್ತದೆ. ಮತ್ತೆ 8.2ಕ್ಕೆ ಏರಿಸಿ, ಈಗ ಸೋಡಾವನ್ನು ಬೆಳಗ್ಗೆಯೂ ಕ್ಯಾಲ್ಸಿಯಂ ಕ್ಲೋರೈಡನ್ನು ಸಂಜೆಯೂ ಹಾಕುತ್ತೇನೆ. ಹೊಸ ಹವಳ ಸೇರಿಸಿದಾಗಲೆಲ್ಲ ಮತ್ತೆ ಅಳೆಯುತ್ತೇನೆ. ತುದಿಗಳಲ್ಲಿ ನೇರಳೆ ಬಣ್ಣ ಮರಳಿದೆ.